ಎಂಜಿನ್ ಕೊನೆಗಿರಲಿ: ಮನೆಯ ಗರಾಜ್‌ನಲ್ಲಿ 1966ರ ಮಸ್ಟಾಂಗ್

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಿಲ್ಪಿಟಾಸ್‌ನ ಗ್ರೇಟ್ ಮಾಲ್‌ಗೆ ನಿಮ್ಮಲ್ಲಿ ಹೋಗದವರು ಕಡಿಮೆ. 1994ರಲ್ಲಿ ಮಾಲ್ ಆಗುವ ಮುಂಚೆ ಅದು ಫೋರ್ಡ್ ಕಂಪನಿಯ ಕಾರ್ಖಾನೆ. ಊರು ಮಿಲ್ಪಿಟಾಸ್ ಆದರೂ ಕಾರ್ಖಾನೆಗೆ ಸ್ಯಾನ್ ಹೋಸೆ ಪ್ಲಾಂಟ್ ಎಂದೇ ಹೆಸರು. 1983ರಲ್ಲಿ ಅದು ಮುಚ್ಚಿತು. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಫೋರ್ಡ್‌ನ ಮಸ್ಟಾಂಗ್ ಕಾರು ಬಿಡುಗಡೆಯಾದ ಮೇಲೆ ಅದನ್ನು ತಯಾರಿಸಿದ ಮೂರು ಕಾರ್ಖಾನೆಗಳಲ್ಲಿ ಇದೂ ಒಂದು. ಡಿಯರ್‌ಬಾರ್ನ್, ಮೆಟಚೆನ್ ಇನ್ನೆರಡು. 1966ರ ಮಾದರಿಯೊಂದೇ 6 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದದ್ದರಿಂದಲೇ ಇಂದಿಗೂ ಅದರ ಬಿಡಿ ಭಾಗಗಳು ಸಲೀಸಾಗಿ ಸಿಗುತ್ತವೆ. ಮನೆಯಲ್ಲೇ ಕೆಲಸ ಮಾಡಬೇಕೆನ್ನುವವರಿಗೆ ನಾನು ಈ ಕಾರನ್ನೇ ಹೇಳುವುದಕ್ಕೆ ಅದು ಮುಖ್ಯ ಕಾರಣ. ಕಟ್ಟುನಿಟ್ಟಿನವರು ಇದನ್ನು ಪೋನಿ ಕಾರು, ಅಂದರೆ ಚಿಕ್ಕ ಸ್ಪೋರ್ಟಿ ಕಾರು ಎನ್ನುತ್ತಾರೆ, ದೊಡ್ಡ ಎಂಜಿನ್‌ನ ಮಸಲ್ ಕಾರು ಎಂದರೆ 1964ರ ಪಾಂಟಿಯಾಕ್ ಜಿಟಿಒ ಥರದ್ದು ಎನ್ನುತ್ತಾರೆ. ಇರಲಿ. ಸ್ಪ್ಯಾನರ್ ಹಿಡಿದವನಿಗೆ ವಿ8, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರಿನ ಎಂಜಿನ್ ಇರುವ ಮಸ್ಟಾಂಗ್‌ನ ಕೆಲಸವೂ ಅದೇ ಜಾತಿಯದು.

ಇಂಥ ಕಾರು ಮನೆಗೆ ಬಂದ ದಿನ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಮರುದಿನವೇ ಹೊಸ ಕಾರ್ಬ್ಯುರೇಟರ್, ಹೊಸ ಮ್ಯಾನಿಫೋಲ್ಡ್ ಆರ್ಡರ್ ಆಗಿರುತ್ತದೆ. ನಾನು ಹೇಳುವುದು ತದ್ವಿರುದ್ಧ: ಮೊದಲು ತಗಡು, ಆಮೇಲೆ ಬ್ರೇಕ್, ಆಮೇಲೆ ಪೆಟ್ರೋಲ್ ಹರಿಯುವ ದಾರಿ, ಎಂಜಿನ್ ಕೊನೆಗೆ. ಇದರ 289 ಕ್ಯೂಬಿಕ್ ಇಂಚಿನ, ಅಂದರೆ 4.7 ಲೀಟರಿನ ಎಂಜಿನ್ ಗಟ್ಟಿ ಸಾಮಾನು. ಕೆಟ್ಟರೆ ಇನ್ನೊಂದು ಸಿಗುತ್ತದೆ, ಎರಡು ದಿನದಲ್ಲಿ ಇಳಿಸಿ ಏರಿಸಬಹುದು. ಒಳಗೊಳಗೇ ತುಕ್ಕು ತಿಂದ ಬಾಡಿಗೆ ಅಂಥ ಸುಲಭದ ಉಪಾಯವಿಲ್ಲ. ಕೈಕೊಟ್ಟ ಬ್ರೇಕಿಗೆ ಎರಡನೆಯ ಅವಕಾಶವೇ ಇಲ್ಲ.

ಕೊಳ್ಳುವ ಮುಂಚೆ ನಂಬರ್ ಓದಿ

ಡ್ರೈವರ್ ಕಡೆ ಬಾನೆಟ್ ಕೆಳಗೆ, ಮಡ್ಗಾರ್ಡ್‌ನ ಅಂಚಿನಲ್ಲಿ ಕತ್ತರಿಸಿದ ಸಣ್ಣ ಕಿಂಡಿಯಿದೆ. ಅದರೊಳಗೆ ಎಂಜಿನ್ ಪಕ್ಕದ ಒಳಗೋಡೆಯಾದ ಏಪ್ರನ್ ತಗಡಿನ ಮೇಲೆ ಕಾರಿನ ನಂಬರ್ ಒತ್ತಿರುತ್ತಾರೆ. ಬಾಗಿಲ ಮೇಲಿನ ಫಲಕದಲ್ಲೂ ಅದೇ ನಂಬರ್ ಇರಬೇಕು. ಬಾಗಿಲು ಬದಲಾಗಬಹುದು, ಹಾಗಾಗಿ ಎರಡೂ ಹೊಂದದಿದ್ದರೆ ಏಪ್ರನ್ ಮೇಲಿನದನ್ನೇ ನಂಬಿ. ಮೊದಲ ಅಂಕಿ ವರ್ಷ: 5 ಎಂದರೆ 1965, 6 ಎಂದರೆ 1966. ಎರಡನೆಯದು ಕಾರ್ಖಾನೆ: ಎಫ್ ಡಿಯರ್‌ಬಾರ್ನ್, ಆರ್ ನಮ್ಮ ಮಿಲ್ಪಿಟಾಸ್, ಟಿ ಮೆಟಚೆನ್. ಮುಂದಿನ ಎರಡು ಅಂಕಿ ಬಾಡಿ: 07 ಹಾರ್ಡ್‌ಟಾಪ್ (ಗಟ್ಟಿ ಚಾವಣಿ), 08 ಕನ್ವರ್ಟಿಬಲ್ (ಮಡಚುವ ಚಾವಣಿ), 09 ಫಾಸ್ಟ್‌ಬ್ಯಾಕ್ (ಹಿಂದಕ್ಕೆ ಇಳಿಜಾರಾದ ಚಾವಣಿ). ಐದನೆಯ ಅಕ್ಷರ ಎಂಜಿನ್: ಸಿ ಎಂದರೆ 200 ಹಾರ್ಸ್‌ಪವರ್‌ನ 289, ಎ ಎಂದರೆ ನಾಲ್ಕು ಬ್ಯಾರಲ್ ಕಾರ್ಬ್ಯುರೇಟರಿನ 225, ಕೆ ಎಂದರೆ 271. ಟಿ ಇದ್ದರೆ ಅದು ಆರು ಸಿಲಿಂಡರಿನ ಕಾರಾಗಿ ಹುಟ್ಟಿದ್ದು, ಈಗ ವಿ8 ಇದ್ದರೆ ಅದನ್ನು ಆಮೇಲೆ ಕೂರಿಸಿದ್ದಾರೆ. ಅಂಥ ಕಾರಿನಲ್ಲಿ ಬ್ರೇಕ್ ಡ್ರಮ್, ಹಿಂದಿನ ಆಕ್ಸಲ್ ಬದಲಾಗಿವೆಯೇ ನೋಡಲೇಬೇಕು. ಚಕ್ರಕ್ಕೆ ನಾಲ್ಕೇ ನಟ್ ಇದ್ದರೆ ಆರು ಸಿಲಿಂಡರಿನ ಸಣ್ಣ ಬ್ರೇಕ್ ಹಾಗೇ ಉಳಿದಿದೆ. ಕಾರ್ಖಾನೆಯ ವಿ8 ಕಾರಿಗೆ ಐದು ನಟ್.

ನೀರು ಇಳಿಯುವ ಜಾಗ

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಪಕ್ಕ, ಗಾಳಿ ಒಳಗೆ ಹೋಗಲು ಸೀಳುಗಳಿವೆ. ಅದನ್ನು ಕೌಲ್ ಎನ್ನುತ್ತಾರೆ. 1965, 66ರ ಮಸ್ಟಾಂಗ್ ಸಾಯುವುದು ಇಲ್ಲಿಂದ. ಸೀಳುಗಳ ಕೆಳಗೆ ಬಾಗಿಲಿಂದ ಬಾಗಿಲಿಗೆ ಚಾಚಿದ ಒಂದು ತಗಡಿನ ಪೆಟ್ಟಿಗೆ ಇದೆ. ಮಳೆ ನೀರು ಅದರೊಳಗೆ ಬೀಳಬೇಕು, ಎರಡೂ ತುದಿಯಿಂದ ಮಡ್ಗಾರ್ಡ್ ಹಿಂದೆ ಇಳಿದು ನೆಲಕ್ಕೆ ಹೋಗಬೇಕು. ಗಾಳಿ ಮಾತ್ರ ಕಾರಿನೊಳಗೆ ಬರಲೆಂದು ಪೆಟ್ಟಿಗೆಯ ತಳದಲ್ಲಿ ಎರಡು ತೂತು, ತೂತಿನ ಸುತ್ತ ನೀರು ತಡೆಯಲು ಮೇಲೆದ್ದ ತಗಡಿನ ಕಟ್ಟೆ. ಮರದ ಎಲೆ, ಧೂಳು ಸೇರಿ ಕೊಳೆತು ಈ ಕಟ್ಟೆಯ ಬುಡದಲ್ಲಿ ವರ್ಷಗಟ್ಟಲೆ ಒದ್ದೆಯಾಗಿ ಕೂತಿರುತ್ತವೆ. ಬುಡ ತುಕ್ಕು ಹಿಡಿದು ತೂತಾದರೆ ನೀರು ನೇರ ಡ್ರೈವರ್ ಕಾಲ ಮೇಲೆ, ಇನ್ನೊಂದು ಕಡೆ ಹೀಟರ್ ಮೇಲೆ. ಅಲ್ಲಿಂದ ಕಾರ್ಪೆಟ್ ಅಡಿಯ ನೆಲ, ನೆಲದ ಕೆಳಗಿನ ಫ್ರೇಮ್ ರೈಲ್. ಈ ಕಾರಿಗೆ ಬೇರೆ ಚಾಸಿ ಇಲ್ಲ, ತಗಡಿನ ಬಾಡಿಯೇ ಚಾಸಿ. ನೆಲ ಹೋದರೆ ಕಾರಿನ ಬೆನ್ನೆಲುಬೇ ಹೋದ ಹಾಗೆ.

ಪರೀಕ್ಷೆಗೆ ಹಣ ಬೇಡ. ಕಾರ್ಪೆಟ್ ಎತ್ತಿ, ತೋಟದ ಪೈಪನ್ನು ಸಣ್ಣಗೆ ಬಿಟ್ಟು ಕೌಲ್‌ನ ಒಂದು ತುದಿಗೆ ಐದು ನಿಮಿಷ ನೀರು ಹಾಯಿಸಿ. ಇನ್ನೊಬ್ಬರು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಲಿ. ಆಮೇಲೆ ಇನ್ನೊಂದು ತುದಿ. ಮಡ್ಗಾರ್ಡ್‌ನ ಹಿಂಬದಿ ಕೆಳಗೆ ನೀರು ಸರಾಗವಾಗಿ ಹೊರಬರುತ್ತಿದೆಯೇ ಅದನ್ನೂ ನೋಡಿ. ಬರದಿದ್ದರೆ ದಾರಿ ಕಟ್ಟಿದೆ. ಕಾರು ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಕೊಳ್ಳದೆ ಬಂದುಬಿಡಿ.

ಸೋರುತ್ತಿದ್ದರೆ ಸೀಳಿನ ಮೂಲಕ ಸೀಲಂಟ್ ಸುರಿಯುವವರಿದ್ದಾರೆ. ಅದು ತುಕ್ಕಿನ ಮೇಲೆ ಕೂರುತ್ತದೆ, ಅದರಡಿ ತುಕ್ಕು ಬೆಳೆಯುತ್ತಲೇ ಇರುತ್ತದೆ. ಸರಿಯಾದ ಕೆಲಸ ದೊಡ್ಡದು, ಆದರೆ ಮನೆಯಲ್ಲಿ ಆಗದ್ದಲ್ಲ. ಸೀಳುಗಳಿರುವ ಮೇಲಿನ ತಗಡು ಪ್ರತ್ಯೇಕ ಜಾಲರಿಯಲ್ಲ, ಇಡೀ ಒಂದೇ ತುಂಡು, ಸ್ಪಾಟ್ ವೆಲ್ಡ್‌ನಿಂದ, ಅಂದರೆ ಚುಕ್ಕೆ ಚುಕ್ಕೆಯಾಗಿ ಬೆಸೆದು ಕೂರಿಸಿದ್ದು. ಬಾನೆಟ್, ಅದರ ಹಿಂಜ್, ಎರಡೂ ಮಡ್ಗಾರ್ಡ್, ವೈಪರ್ ಬಿಚ್ಚಿ. ಪೇಂಟ್ ಕೆರೆದರೆ ಸ್ಪಾಟ್‌ಗಳು ಗುಂಡಗೆ ಕಾಣುತ್ತವೆ. ಪ್ರತಿಯೊಂದರ ನಡುವಿಗೆ ಪಂಚ್ ಹೊಡೆದು, 3/8 ಇಂಚಿನ ಸ್ಪಾಟ್ ವೆಲ್ಡ್ ಕಟ್ಟರ್‌ನಿಂದ ಮೇಲಿನ ಪದರ ಮಾತ್ರ ಕೊರೆಯಿರಿ. ಕೆಳಗಿನ ಪದರಕ್ಕೂ ತೂತು ಹಾಕಿದರೆ ಮತ್ತೆ ವೆಲ್ಡ್ ಮಾಡಲು ಆಧಾರವೇ ಇರುವುದಿಲ್ಲ. ತಗಡು ಎತ್ತಿದ ಮೇಲೆ ಹಳೆಯ ಕಟ್ಟೆಗಳನ್ನು ಕತ್ತರಿಸಿ ತೆಗೆದು, ಹೊಸ ಕಟ್ಟೆಯ ತುಂಡು ಕೂರಿಸಬೇಕು. ಅದು ಸಿದ್ಧವಾಗಿ ಸಿಗುತ್ತದೆ.

ಇಷ್ಟು ತೆಳ್ಳಗಿನ ತಗಡಿಗೆ ಮಿಗ್ ವೆಲ್ಡಿಂಗ್ (ತಂತಿ ತಾನಾಗಿ ಬರುವ ವಿದ್ಯುತ್ ಬೆಸುಗೆ), 0.023 ಇಂಚಿನ ತಂತಿ, 75 ಭಾಗ ಆರ್ಗಾನ್ 25 ಭಾಗ ಕಾರ್ಬನ್ ಡೈಆಕ್ಸೈಡ್ ಅನಿಲ. ಒಂದೇ ಎಳೆಯಾಗಿ ವೆಲ್ಡ್ ಎಳೆದರೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಒಂದು ಅಡಿ ಆಚೆ ಇನ್ನೊಂದು ಚುಕ್ಕೆ, ತಾನಾಗಿ ಆರಲು ಬಿಟ್ಟು ಮತ್ತೆ ಇಲ್ಲಿಗೆ. ಎರಡು ಪದರ ಸೇರುವ ಜಾಗಕ್ಕೆ ಮೊದಲೇ ಸತುವಿನ ಪ್ರೈಮರ್ ಹಚ್ಚಿ, ಕೊನೆಗೆ ಸಂದುಗಳಿಗೆ ಸೀಮ್ ಸೀಲರ್. ಮೇಲಿನ ತಗಡು ಮುಚ್ಚುವ ಮುಂಚೆ ಇನ್ನೊಮ್ಮೆ ನೀರು ಹಾಯಿಸಿ ನೋಡಿ, ಮುಚ್ಚಿದ ಮೇಲೆ ಕಂಡರೆ ಕೆಲಸವೆಲ್ಲ ಮೊದಲಿಂದ.

ಟಿಂಕರಿಂಗ್‌ಗೆ ಸಂಬಂಧಿಸಿ ಎರಡು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತೊಳೆದ ತಗಡಿಗೆ ವೆಲ್ಡಿಂಗ್ ಜ್ವಾಲೆ ತಗುಲಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಡಬ್ಬಿಯ ಮೇಲೆ ಕ್ಲೋರಿನ್ ಇಲ್ಲ ಎಂದು ಬರೆದದ್ದನ್ನೇ ಕೊಳ್ಳಿ. ಎರಡನೆಯದು, ನೆಲದ ತಗಡಿನ ಮೇಲೆ ಸದ್ದು ತಡೆಯಲು ಹಚ್ಚಿದ ಡಾಂಬರಿನಂಥ ಪದರ ಇರುತ್ತದೆ. ವೆಲ್ಡಿಂಗ್ ಕಿಡಿಗೆ ಅದು ನಿಧಾನವಾಗಿ ಹೊತ್ತಿಕೊಳ್ಳುತ್ತದೆ, ನೀವು ಊಟಕ್ಕೆ ಹೋದಾಗ ಉರಿಯುತ್ತದೆ. ಕೆರೆದು ತೆಗೆಯಿರಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ, ಕೊನೆಯ ವೆಲ್ಡ್ ಆದ ಮೇಲೆ ಒಂದು ಗಂಟೆ ಅಲ್ಲೇ ಇರಿ.

ಬ್ರೇಕ್

ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ಹೋಗುವುದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಒಂದೇ ಕೋಣೆಯಿಂದ. ಒಂದು ಹೋಸ್ ಒಡೆದರೆ, ಒಂದು ವೀಲ್ ಸಿಲಿಂಡರ್ ಸೋರಿದರೆ, ಪೆಡಲ್ ನೆಲಕ್ಕೆ, ನಾಲ್ಕೂ ಬ್ರೇಕ್ ಇಲ್ಲ. 1967ರ ಮಾದರಿಯಿಂದ ಮುಂದೆ ಮತ್ತು ಹಿಂದೆ ಬೇರೆ ಬೇರೆ ಕೋಣೆ ಬಂತು. ಮೂಲ ರೂಪ ಕೆಡಬಾರದು ಎಂದು ಒಂಟಿ ಕೋಣೆಯನ್ನೇ ಉಳಿಸಿಕೊಳ್ಳುವವರೊಡನೆ ನನಗೆ ಸಹಮತವಿಲ್ಲ. 880 ಹೈವೇಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಇರಲೇಬೇಕು. ಹಳೆಯದನ್ನು ಎತ್ತಿಡಿ, ನಾಳೆ ಪ್ರದರ್ಶನಕ್ಕೆ ಬೇಕಾದರೆ ಹಾಕಬಹುದು.

ನಾಲ್ಕೂ ಡ್ರಮ್ ಇದ್ದರೆ 1967ರ ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರನ್ನೇ ಹಾಕಿ, ಡಿಸ್ಕ್ ಬ್ರೇಕಿನದ್ದಲ್ಲ. ಡ್ರಮ್‌ಗೆ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಕವಾಟ ಬೇಕು, ಅದೇ ಕವಾಟ ಡಿಸ್ಕ್‌ಗೆ ಹೋದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಕಾರಿಗೆ ಹಾಕುವ ಮುಂಚೆ ವೈಸ್‌ಗೆ ಕಟ್ಟಿ, ಎರಡೂ ಬಾಯಿಂದ ಸಣ್ಣ ಟ್ಯೂಬ್‌ಗಳನ್ನು ಮತ್ತೆ ಮೇಲಿನ ಡಬ್ಬಿಗೇ ಬಿಟ್ಟು, ನಿಧಾನವಾಗಿ ಒತ್ತುತ್ತಾ ಗುಳ್ಳೆ ನಿಲ್ಲುವ ತನಕ ಏರ್ ತೆಗೆಯಿರಿ. ಕಾರಿಗೆ ಕೂರಿಸಿದ ಮೇಲೆ ಪೆಡಲ್ ರಾಡ್‌ಗೂ ಪಿಸ್ಟನ್‌ಗೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಇರಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ತೂತು ಮುಚ್ಚೇ ಇರುತ್ತದೆ, ಆಯಿಲ್ ಬಿಸಿಯಾಗಿ ಹಿಗ್ಗಿದಂತೆ ಬ್ರೇಕ್ ತಾನಾಗಿ ಹಿಡಿಯುತ್ತದೆ.

ಪೈಪ್‌ಗಳು 3/16 ಇಂಚಿನವು. ತಾಮ್ರ-ನಿಕಲ್ ಮಿಶ್ರಲೋಹದ ಟ್ಯೂಬ್ ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬರೀ ತಾಮ್ರದ್ದು ಬೇಡ, ಅಲುಗಾಟಕ್ಕೆ ಬಿರುಕು ಬಿಡುತ್ತದೆ. ತುದಿಗೆ 45 ಡಿಗ್ರಿಯ ಡಬಲ್ ಫ್ಲೇರ್, ಅಂದರೆ ಅಗಲಿಸಿದ ಬಾಯನ್ನು ಎರಡು ಪದರವಾಗಿ ಮಡಚಬೇಕು. ಸಿಂಗಲ್ ಫ್ಲೇರ್ ಮೊದಲ ದಿನ ಸೋರುವುದಿಲ್ಲ, ಟೈಟ್ ಮಾಡಿದಲ್ಲೇ ಸೀಳಿಕೊಂಡು ಆಮೇಲೆ ಸೋರುತ್ತದೆ. ಫ್ಲೇರ್ ಹೊಡೆಯುವ ಮುಂಚೆ ನಟ್ ತೂರಿಸುವುದು ಮರೆಯದಿರಿ.

ಡ್ರಮ್ ತೆಗೆದಾಗ ಕಾಣುವ ಕಪ್ಪು ಹುಡಿಯಲ್ಲಿ ಕಲ್ನಾರು ಇರಬಹುದು, ಆ ಕಾಲದ ಲೈನಿಂಗ್‌ನಲ್ಲಿ ಅದು ಸಾಮಾನ್ಯ. ಗಾಳಿ ಊದಬೇಡಿ, ಒಣ ಬ್ರಶ್ ಹಾಕಬೇಡಿ. ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಕಟ್ಟಿ. ಪ್ರತಿ ಚಕ್ರದಲ್ಲಿ ಡ್ರಮ್‌ಗೆ ಒತ್ತುವ ಎರಡು ಶೂ, ಲೈನಿಂಗ್ ಗಿಡ್ಡ ಇರುವುದು ಕಾರಿನ ಮುಂಬದಿಗೆ, ಉದ್ದ ಇರುವುದು ಹಿಂಬದಿಗೆ. ಅದಲುಬದಲಾದರೆ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಗಿಡ್ಡದು ಬೇಗ ಸವೆದುಹೋಗುತ್ತದೆ. ತಾನಾಗಿ ಅಡ್ಜಸ್ಟ್ ಆಗುವ ನಕ್ಷತ್ರ ಚಕ್ರಕ್ಕೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಮರೆ (ಥ್ರೆಡ್). ಬದಲಾದರೆ ಪ್ರತಿ ಸಲ ಟೈಟ್ ಆಗುವ ಬದಲು ಸಡಿಲವಾಗುತ್ತಾ ಹೋಗುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ, ಆಚೆ ಕಡೆಯದು ನೋಡಿಕೊಳ್ಳಲು ಇರಲಿ. 10 ಇಂಚಿನ ಡ್ರಮ್ ಒಳ ಅಳತೆ 10.060 ದಾಟಿದ್ದರೆ ಲೇತ್‌ಗೆ ಕೊಡಬೇಡಿ, ಎಸೆಯಿರಿ.

ಮುಂದಿನ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಒಳಗೆ ಊದಿಕೊಂಡ ಹೋಸ್ ಆಯಿಲನ್ನು ಚಕ್ರಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಕಾರು ಒಂದೇ ಕಡೆಗೆ ಎಳೆಯುವುದಕ್ಕೆ ಜನ ಅಲೈನ್‌ಮೆಂಟ್ ಮಾಡಿಸಿ ಮಾಡಿಸಿ ಸುಸ್ತಾಗಿರುತ್ತಾರೆ, ತಪ್ಪು ಈ ಹೋಸ್‌ನದ್ದಾಗಿರುತ್ತದೆ. ಕೊನೆಗೆ ಡಾಟ್ 3 ಆಯಿಲ್ ತುಂಬಿಸಿ ಬಲ ಹಿಂದೆ, ಎಡ ಹಿಂದೆ, ಬಲ ಮುಂದೆ, ಎಡ ಮುಂದೆ, ಈ ಕ್ರಮದಲ್ಲಿ ಏರ್ ತೆಗೆಯಿರಿ.

ಕಾರು ಎತ್ತುವ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದು ಸ್ಟ್ಯಾಂಡ್ ಮೇಲೆ. ಮುಂದೆ ಫ್ರೇಮ್ ರೈಲ್ ಕೆಳಗೆ, ಹಿಂದೆ ಆಕ್ಸಲ್ ಟ್ಯೂಬ್ ಕೆಳಗೆ. ಸಿಮೆಂಟ್ ಇಟ್ಟಿಗೆ ಎಂದೂ ಬೇಡ. ಮುಂದಿನ ಸ್ಪ್ರಿಂಗ್ ಈ ಕಾರಿನಲ್ಲಿ ಮೇಲಿನ ಆರ್ಮ್‌ನ ಮೇಲೆ, ಟವರಿನೊಳಗೆ ಕೂತಿದೆ. ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ಬಿಚ್ಚುವ ಬೇರೆ ಕಾರಿನ ವಿದ್ಯೆ ಇಲ್ಲಿ ನಡೆಯದು. ಟವರಿನ ಮೇಲಿಂದ ಇಳಿಸುವ, ಈ ಕಾರಿಗೆಂದೇ ಮಾಡಿದ ಕಂಪ್ರೆಸರ್ ಬಾಡಿಗೆಗೆ ತನ್ನಿ. ಅದಿಲ್ಲದೆ ಮೇಲಿನ ಆರ್ಮ್‌ನ ಬೋಲ್ಟ್ ಮುಟ್ಟಬೇಡಿ.

ಪೆಟ್ರೋಲ್

ಇಲ್ಲಿನ ಮನೆಗಳಲ್ಲಿ ಗ್ಯಾಸ್‌ನ ವಾಟರ್ ಹೀಟರ್ ಗರಾಜ್‌ನಲ್ಲೇ ಇರುತ್ತದೆ, ಒಳಗೆ ಪೈಲಟ್ ಜ್ವಾಲೆ ಸದಾ ಉರಿಯುತ್ತಿರಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಅಲ್ಲಿಗೆ ತಲುಪುತ್ತದೆ. ಟ್ಯಾಂಕ್ ಖಾಲಿ ಮಾಡುವುದು, ಕಾರ್ಬ್ಯುರೇಟರ್ ತೊಳೆಯುವುದು ಎಲ್ಲ ಹೊರಗೆ ಡ್ರೈವ್‌ವೇಯಲ್ಲಿ.

ಮಸ್ಟಾಂಗ್‌ನ 16 ಗ್ಯಾಲನ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಸರಿಯಾದ ಗೋಡೆ ಇಲ್ಲ. ಹಿಂದಿನಿಂದ ಗುದ್ದಿದರೆ ಏನಾಗಬಹುದು ಊಹಿಸಿಕೊಳ್ಳಿ. ಸೀಟಿನ ಹಿಂದೆ ಸ್ಟೀಲ್ ಶೀಟ್ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ, ದಯವಿಟ್ಟು ಮಾಡಿ. ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಫಿಲ್ಲರ್ ಪೈಪಿನ ಗ್ಯಾಸ್ಕೆಟ್, ಅದನ್ನು ಟ್ಯಾಂಕಿಗೆ ಸೇರಿಸುವ ಹೋಸ್, ಇವೆರಡನ್ನೂ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 10 ಎಥನಾಲ್ ಇದೆ, ಹಳೆಯ ರಬ್ಬರ್ ಅದಕ್ಕೆ ಮೆತ್ತಗಾಗಿ ಸೀಳುತ್ತದೆ. ಪೆಟ್ರೋಲ್ ಲೈನಿನ ಹೊಸ ಹೋಸ್ ಮೇಲೆ ಎಸ್‌ಎಇ 30ಆರ್9 ಎಂದು ಅಚ್ಚಾಗಿರಬೇಕು. ಎರಡು ಬ್ಯಾರಲ್‌ನ ಆಟೋಲೈಟ್ 2100 ಕಾರ್ಬ್ಯುರೇಟರ್ ಒಳ್ಳೆಯದು, ಬಿಸಾಡಬೇಡಿ. ಆಕ್ಸಲರೇಟರ್ ಒತ್ತಿದ ಕೂಡಲೇ ತಡವರಿಸಿದರೆ ಪಂಪ್ ಡಯಾಫ್ರಾಮ್, ಐಡಲ್‌ನಲ್ಲಿ ಕಪ್ಪು ಹೊಗೆ ಬಂದರೆ ಪವರ್ ವಾಲ್ವ್. ಎರಡೂ ರಿಪೇರಿ ಕಿಟ್‌ನಲ್ಲೇ ಬರುತ್ತವೆ.

ಈಗ ಎಂಜಿನ್

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಎಂಟೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಇಡಿ. ಮರುದಿನ ಕ್ರ್ಯಾಂಕ್ ಬೋಲ್ಟ್‌ಗೆ 15/16 ಇಂಚಿನ ಸಾಕೆಟ್ ಹಾಕಿ ಕೈಯಲ್ಲಿ ತಿರುಗಿಸಿ. ಇಂಚಿನ ಸಾಕೆಟ್ ಎಂದೆ, ಏಕೆಂದರೆ ಮೆಟ್ರಿಕ್ ಸ್ಪ್ಯಾನರ್‌ಗೆ ಕೈ ಪಳಗಿದ ನಮ್ಮವರು 1/2 ಇಂಚಿನ ನಟ್‌ಗೆ 13 ಹಾಕುತ್ತಾರೆ. ಅದು ಕೂರುತ್ತದೆ, 12.7ಕ್ಕೂ 13ಕ್ಕೂ ಇರುವ ಸಣ್ಣ ವ್ಯತ್ಯಾಸದಲ್ಲಿ ನಟ್‌ನ ಮೂಲೆ ಸವೆದು ಗುಂಡಗಾಗುತ್ತದೆ.

ಕೈಯಲ್ಲಿ ತಿರುಗಿದರೆ ಆಯಿಲ್ ಪ್ರೆಶರ್ ಏರಿಸಬೇಕು. ಡಿಸ್ಟ್ರಿಬ್ಯೂಟರ್ ಎತ್ತಿದರೆ ಅದರ ಕೆಳಗೆ 1/4 ಇಂಚಿನ ಆರು ಮೂಲೆಯ ಸಣ್ಣ ಶಾಫ್ಟ್ ಇದೆ, ಆಯಿಲ್ ಪಂಪ್ ತಿರುಗುವುದು ಅದರಿಂದ. ಎತ್ತುವಾಗ ನಿಧಾನ. ಆ ಶಾಫ್ಟ್ ಮೇಲೆ ಬಾರದಂತೆ ತಡೆಯುವ ಒಂದು ಕ್ಲಿಪ್ ಇರಬೇಕು. ಹಿಂದೆ ಯಾರೋ ಕ್ಲಿಪ್ ಇಲ್ಲದೆ ಜೋಡಿಸಿದ್ದರೆ, ಶಾಫ್ಟ್ ಆಯಿಲ್ ಅಂಟಿಗೆ ಡಿಸ್ಟ್ರಿಬ್ಯೂಟರ್ ಜೊತೆಗೇ ಮೇಲೆ ಬಂದು, ಅರ್ಧ ದಾರಿಯಲ್ಲಿ ಕಳಚಿ ಎಂಜಿನ್‌ನೊಳಗೆ ಬೀಳುತ್ತದೆ. ಆಮೇಲೆ ಎಂಜಿನ್ ತಳದ ಆಯಿಲ್ ತಟ್ಟೆ, ಅಂದರೆ ಸಂಪ್ ಇಳಿಸದೆ ಗತಿಯಿಲ್ಲ. ಅರ್ಧ ಎತ್ತಿ, ಟಾರ್ಚ್ ಬಿಟ್ಟು, ಶಾಫ್ಟ್ ಕೆಳಗೇ ಉಳಿದಿದೆಯೇ ನೋಡಿ, ಆಮೇಲೆ ಪೂರ್ತಿ ಎತ್ತಿ. ಶಾಫ್ಟ್‌ಗೆ 1/4 ಇಂಚಿನ ಸಾಕೆಟ್ ಹಾಕುವಾಗಲೂ ಅಷ್ಟೇ, ಸಾಕೆಟ್ ಒಳಗೆ ಕಳಚದಂತೆ ಟೇಪ್ ಸುತ್ತಿ. ಡ್ರಿಲ್ ಅನ್ನು ಎಡಕ್ಕೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ಓಡಿಸಿ. ಪ್ರೆಶರ್ ಏರಿದಾಗ ಡ್ರಿಲ್ ಕೈಯಲ್ಲಿ ಭಾರವಾಗುತ್ತದೆ. ಕ್ರ್ಯಾಂಕನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ವಾಲ್ವ್ ಒತ್ತುವ ಎಲ್ಲ ರಾಕರ್‌ಗಳಿಂದಲೂ ಆಯಿಲ್ ಉಕ್ಕುವ ತನಕ ಮಾಡಿ.

ಫಿಲ್ಟರ್ ಸೇರಿ 5 ಕ್ವಾರ್ಟ್ ಆಯಿಲ್ ಹಿಡಿಯುತ್ತದೆ. ಈಗಿನ ಕಾರುಗಳ ತೆಳು ಆಯಿಲ್‌ಗಳಲ್ಲಿ ಸತು ಮತ್ತು ರಂಜಕದ ಅಂಶ ಕಡಿಮೆ ಮಾಡಿದ್ದಾರೆ, ಕೆಟಲಿಟಿಕ್ ಕನ್ವರ್ಟರ್ ಹಾಳಾಗಬಾರದೆಂದು. ಈ ಎಂಜಿನ್‌ನ ಟಪೆಟ್ ಚಪ್ಪಟೆ ತಳದ್ದು, ಕ್ಯಾಮ್ ಮೇಲೆ ಉಜ್ಜುತ್ತದೆ, ಅದಕ್ಕೆ ಆ ಸತು ಬೇಕು. ಹಳೆಯ ಎಂಜಿನ್‌ಗೆಂದೇ ಬರುವ, ಸತು ಹೆಚ್ಚಿರುವ ಆಯಿಲ್ ಹಾಕಿ. ಹೊಸ ಕ್ಯಾಮ್ ಹಾಕಿದ್ದರೆ ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಬೇಕು, ಐಡಲ್‌ಗೆ ಬಿಡಬಾರದು. ಕ್ಯಾಮ್‌ಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಚಿಮ್ಮಿಸಿದ್ದರಿಂದ. ಐಡಲ್‌ನಲ್ಲಿ ಅಷ್ಟು ಚಿಮ್ಮುವುದಿಲ್ಲ, ಮೊದಲ ನಿಮಿಷಗಳಲ್ಲೇ ಕ್ಯಾಮ್ ಸವೆದುಹೋಗುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲ ಕಂಡವರಿಗೆ ಪಾಯಿಂಟ್, ಕಂಡೆನ್ಸರ್ ಹೊಸದಲ್ಲ. ಇಲ್ಲಿ ಪಾಯಿಂಟ್ ಗ್ಯಾಪ್ 0.017 ಇಂಚು, ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವ ಕೋನ, 26ರಿಂದ 31 ಡಿಗ್ರಿ, ಪ್ಲಗ್ ಗ್ಯಾಪ್ 0.034. ಮೊದಲು ಪಾಯಿಂಟ್, ಆಮೇಲೆ ಕಿಡಿ ಹಾರುವ ಟೈಮಿಂಗ್, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಜಾರುತ್ತದೆ. ಪಾಯಿಂಟ್‌ನ ನೈಲಾನ್ ತುಂಡು ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಡಿಸ್ಟ್ರಿಬ್ಯೂಟರ್ ಕ್ಯಾಮ್‌ಗೆ ಚೂರು ಗ್ರೀಸ್ ಹಚ್ಚಿ. ಫೈರಿಂಗ್ ಆರ್ಡರ್ 1-5-4-2-6-3-7-8, ರೋಟರ್ ತಿರುಗುವುದು ಎಡಕ್ಕೆ. ಪ್ಯಾಸೆಂಜರ್ ಕಡೆ ಮುಂದಿನಿಂದ ಹಿಂದಕ್ಕೆ 1ರಿಂದ 4, ಡ್ರೈವರ್ ಕಡೆ 5ರಿಂದ 8. ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಐಡಲ್‌ನಲ್ಲಿ ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದು) 6 ಡಿಗ್ರಿ ಮುಂಚೆ ಟೈಮಿಂಗ್ ಇಡಿ. ಟೈಮಿಂಗ್ ಲೈಟ್ ಹಿಡಿದರೆ ಗುರುತು ಸರಿಯಿದೆ, ಎಂಜಿನ್ ಮಾತ್ರ ಸರಿ ಓಡುತ್ತಿಲ್ಲ ಎಂದಾದರೆ, ಆ ಗುರುತಿರುವ, ಕ್ರ್ಯಾಂಕ್ ಮುಂತುದಿಯ ಬ್ಯಾಲೆನ್ಸರ್ ಮೇಲೆ ಅನುಮಾನಪಡಿ. ಅದರ ಹೊರಬಳೆ ರಬ್ಬರಿಗೆ ಅಂಟಿಕೊಂಡಿದ್ದು, ಹಳೆಯದಾದಂತೆ ಜಾರುತ್ತದೆ, ಗುರುತೂ ಜೊತೆಗೆ ಜಾರುತ್ತದೆ. ಒಂದನೇ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ ನಿಜವಾದ ಟಿಡಿಸಿ ಕಂಡುಕೊಳ್ಳಿ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರು

*ಸರ್, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಬಹುದಾ?*

ಹಾಕಿ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಆದರೆ ಕೀಯಿಂದ ಕಾಯಿಲ್‌ಗೆ ಬರುವ ಗುಲಾಬಿ ಬಣ್ಣದ ತಂತಿ ಬರೀ ತಂತಿಯಲ್ಲ, ಪಾಯಿಂಟ್ ಸುಡದಂತೆ ವೋಲ್ಟೇಜ್ ಇಳಿಸುವ ರೆಸಿಸ್ಟರ್. ಎಲೆಕ್ಟ್ರಾನಿಕ್ ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಬೇಕು, ಅದನ್ನು ಕೀ ಕಡೆಯಿಂದ, ಆ ತಂತಿ ಶುರುವಾಗುವ ಮುಂಚೆಯೇ ಎಳೆಯಿರಿ. ಎಂಜಿನ್ ಓಡದೆ ಕೀ ಆನ್ ಇಟ್ಟು ರೇಡಿಯೋ ಕೇಳಬೇಡಿ, ಮಾಡ್ಯೂಲ್ ಸುಡುತ್ತದೆ.

*ಸೀಸ ಇಲ್ಲದ ಪೆಟ್ರೋಲ್ ಹಾಕಿದರೆ ವಾಲ್ವ್ ಹಾಳಾಗುವುದಿಲ್ಲವಾ?*

ಸದಾ ಎಳೆದು ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸೀಟ್ ನಿಧಾನವಾಗಿ ತಗ್ಗುತ್ತದೆ. ವಾರಕ್ಕೊಮ್ಮೆ ಸಾಧಾರಣವಾಗಿ ಓಡಿಸುವ ಕಾರಿಗೆ ಅದಕ್ಕೆಂದೇ ಹೆಡ್ ಬಿಚ್ಚುವುದು ಬೇಡ. ಬೇರೆ ಕೆಲಸಕ್ಕೆ ಹೆಡ್ ಇಳಿಸಿದಾಗ ಗಟ್ಟಿ ಸೀಟ್ ಹಾಕಿಸಿ.

*ಹೆಡ್ ಕೆಲಸ ಆದ ಮೇಲಿಂದ ಗಾಡಿ ಬಿಸಿಯಾಗುತ್ತಿದೆ. ರೇಡಿಯೇಟರ್, ಥರ್ಮೋಸ್ಟಾಟ್ ಎಲ್ಲ ಹೊಸದು.*

ಹೆಡ್ ಗ್ಯಾಸ್ಕೆಟ್ ತಿರುವುಮುರುವು ಆಗಿರಬಹುದು. ಅದರ ಮೇಲೆ ಫ್ರಂಟ್ ಎಂದು ಬರೆದಿರುತ್ತದೆ, ಎರಡೂ ಕಡೆ ಆ ಅಕ್ಷರ ರೇಡಿಯೇಟರ್ ಕಡೆಗೇ ಬರಬೇಕು. ಹಾಗೆ ಇಟ್ಟರೆ ಒಂದು ಕಡೆಯದು ಮಗುಚಿ ಹಾಕಿದಂತೆ ಕಾಣುತ್ತದೆ, ಅದು ಸರಿಯೇ. ಬರಹ ಮೇಲೆ ಕಾಣಲಿ ಎಂದು ತಿರುಗಿಸಿ ಹಾಕಿದರೆ ದೊಡ್ಡ ನೀರಿನ ತೂತುಗಳು ಹಿಂದಿನ ಬದಲು ಮುಂದೆ ಬರುತ್ತವೆ. ಪಂಪ್ ತಳ್ಳಿದ ನೀರು ಬ್ಲಾಕ್‌ನ ಹಿಂಭಾಗಕ್ಕೆ ಹೋಗದೆ ಅಲ್ಲೇ ಮೇಲೇರಿ ಹೊರಬೀಳುತ್ತದೆ, ಹಿಂದಿನ ಸಿಲಿಂಡರ್‌ಗಳು ಬೇಯುತ್ತವೆ. ಇನ್ನೊಮ್ಮೆ ಬಿಚ್ಚಬೇಕು. ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಟೈಟ್ ಮಾಡಿ: 50, 60, ಕೊನೆಗೆ 65ರಿಂದ 72 ಫುಟ್-ಪೌಂಡ್. ಹೆಡ್ ಕೆಳಗಿರುವಾಗಲೇ ಕೆಳಗಿನ ರೇಡಿಯೇಟರ್ ಹೋಸ್ ಒಳಗೆ ಸ್ಪ್ರಿಂಗ್ ಇದೆಯೇ ನೋಡಿಬಿಡಿ. ಸ್ಪ್ರಿಂಗ್ ಇಲ್ಲದ ಹೋಸ್ ಹೈವೇ ವೇಗದಲ್ಲಿ ಪಂಪ್ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗಿ ನೀರು ನಿಲ್ಲಿಸುತ್ತದೆ, ಗಾಡಿ ನಿಲ್ಲಿಸಿ ಬಾನೆಟ್ ಎತ್ತುವ ಹೊತ್ತಿಗೆ ಮತ್ತೆ ಮೊದಲಿನಂತೆಯೇ ಆಗಿರುತ್ತದೆ.